ರಸ್ತೆಯ ನಕ್ಷೆ ಬಿಡಿಸುವಾಗ ನಾವು ಎಲ್ಲಿರುತ್ತೇವೆ?

ಕೋಲ್ಕತ್ತಾದ ಟ್ರಾಮ್ ಓಡಾಟ ನಿಲ್ಲಿಸುತ್ತೇವೆ, ಎಸ್‌ಪ್ಲನೇಡ್‌ನಿಂದ ಮೈದಾನದವರೆಗಿನ ಒಂದು ತುಂಡು ದಾರಿಯನ್ನು ಮಾತ್ರ ಹಳೆಯ ನೆನಪಿಗೆ ಉಳಿಸಿಕೊಳ್ಳುತ್ತೇವೆ ಎಂದು ಪಶ್ಚಿಮ ಬಂಗಾಳದ ಸಾರಿಗೆ ಸಚಿವ ಸ್ನೇಹಾಶಿಸ್ ಚಕ್ರವರ್ತಿ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದರು. ಅದಕ್ಕೂ ಮುಂಚೆಯೇ ವಿಷಯ ಹೈಕೋರ್ಟ್‌ಗೆ ಹೋಗಿತ್ತು. ಟ್ರಾಮ್ ಉಳಿಸುವ ದಾರಿ ಹುಡುಕಲು ಕೋರ್ಟ್ 2023ರಲ್ಲಿ ಒಂದು ಸಲಹಾ ಸಮಿತಿಯನ್ನೂ ಮಾಡಿತ್ತು. ಇಷ್ಟಾದರೂ ಕೆಲವು ಕಡೆ ಹಳಿಗಳ ಮೇಲೆ ಡಾಂಬರು ಸುರಿದು ಮುಚ್ಚಿದರು. 2025ರ ಜನವರಿಯಲ್ಲಿ ಕೋರ್ಟ್ ಇದಕ್ಕೆ ಕಟುವಾಗಿಯೇ ಪ್ರತಿಕ್ರಿಯಿಸಿತು.

ಮಂಗಳೂರಿನಲ್ಲಿ ಟ್ರಾಮ್ ಯಾವತ್ತೂ ಓಡಿಲ್ಲ, ಈ ಪುಟದಲ್ಲಿ ಇದೆಂಥದ್ದು ಉಸ್ತಾದರೇ ಅಂತ ಯಾರಾದರೂ ಕೇಳಬಹುದು. ಟ್ರಾಮ್ ಅನ್ನುವುದು ರಸ್ತೆಯನ್ನೇ ಬದಲಿಸುವ ವಾಹನ. ಬಸ್ಸನ್ನು ಇವತ್ತು ಈ ದಾರಿಯಲ್ಲಿ ಬಿಟ್ಟು ನಾಳೆ ಆ ದಾರಿಯಲ್ಲಿ ಬಿಡಬಹುದು. ಟ್ರಾಮ್‌ಗೆ ಹಳಿ ಹಾಕಬೇಕು, ತಂತಿ ಎಳೆಯಬೇಕು, ಚರಂಡಿ, ನೀರಿನ ಪೈಪ್ ಎಲ್ಲ ಸರಿಸಬೇಕು, ಅಂಗಡಿ ಎದುರಿನ ಜಾಗ ಯಾರಿಗೆ ಅಂತ ತೀರ್ಮಾನ ಆಗಬೇಕು. ಹಾಗಾಗಿ ಟ್ರಾಮ್ ಬರುವ ಊರಿನಲ್ಲೂ ಹೋಗುವ ಊರಿನಲ್ಲೂ ರಸ್ತೆ ಯಾರದ್ದು ಅನ್ನುವ ಜಗಳ ಬಯಲಿಗೆ ಬರುತ್ತದೆ. ನಮ್ಮಲ್ಲಿ ಅದೇ ಜಗಳ ಕಾಂಕ್ರೀಟ್ ರಸ್ತೆ, ಫುಟ್‌ಪಾತ್, ಮಾರ್ಕೆಟ್ ಅನ್ನುವ ಹೆಸರಿನಲ್ಲಿ ನಡೆಯುತ್ತದೆ, ಅಷ್ಟೇ.

ಕೋಲ್ಕತ್ತಾದಲ್ಲಿ ಟ್ರಾಮ್ ಶುರುವಾದದ್ದು 1873ರ ಫೆಬ್ರವರಿ 24ರಂದು, ಸಿಯಾಲ್ದಾದಿಂದ ಆರ್ಮೇನಿಯನ್ ಘಾಟ್‌ವರೆಗೆ. ಆಗ ಎಳೆಯುತ್ತಿದ್ದದ್ದು ಕುದುರೆ. ವಿದ್ಯುತ್ ಟ್ರಾಮ್ ಬಂದದ್ದು 1902ರಲ್ಲಿ. ಆ ಮೊದಲ ವಿದ್ಯುತ್ ಗಾಡಿ ಹೋದದ್ದು ಎಲ್ಲಿಗೆ ಗೊತ್ತುಂಟಾ? ಖಿದಿರ್‌ಪುರಕ್ಕೆ. ಖಿದಿರ್‌ಪುರ ಅಂದರೆ ಹಡಗುಕಟ್ಟೆಯ ಪಕ್ಕದ ಪೇಟೆ, ಮುಸ್ಲಿಮರು ಬಹಳ ಇರುವ ಜಾಗ, ಡಾಕ್ ಕೂಲಿಗಳು, ದರ್ಜಿಗಳು, ಸಣ್ಣ ವ್ಯಾಪಾರಿಗಳು. ನಮ್ಮ ಬಂದರ್ ಪ್ರದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಂದ ಮೈದಾನದ ಹಸಿರು ದಾಟಿ ಎಸ್‌ಪ್ಲನೇಡ್‌ಗೆ ಹೋಗುವ ಆ ದಾರಿ 2020ರ ಮೇ ತಿಂಗಳ ಅಂಫಾನ್ ಚಂಡಮಾರುತದವರೆಗೆ ಓಡುತ್ತಿತ್ತು. ಮರ ಬಿತ್ತು, ತಂತಿ ಹರಿಯಿತು, ಸೇವೆ ನಿಂತಿತು. ರಿಪೇರಿ ಆಗಿ ಮತ್ತೆ ಶುರುವಾಗುತ್ತದೆ ಅಂದುಕೊಂಡವರಿಗೆ ಅದು ಕಾಣಲಿಲ್ಲ.

ಹೀಗೆಯೇ ಒಂದೊಂದು ದಾರಿ ನಿಂತದ್ದು. ಮೆಟ್ರೋ ಕೆಲಸ ಅಂತ ಒಂದು ಕಡೆ, ಸೇತುವೆಗೆ ಭಾರ ಅಂತ ಇನ್ನೊಂದು ಕಡೆ, ಮಳೆಗಾಳಿ ಅಂತ ಮತ್ತೊಂದು ಕಡೆ. ಎಲ್ಲದಕ್ಕೂ ‘ತಾತ್ಕಾಲಿಕ’ ಎಂಬ ಬೋರ್ಡು. ಮೂವತ್ತಕ್ಕೂ ಹೆಚ್ಚು ಇದ್ದ ಮಾರ್ಗಗಳು 2024ರ ಘೋಷಣೆಯ ಹೊತ್ತಿಗೆ ಬೆರಳಲ್ಲಿ ಎಣಿಸುವಷ್ಟಾಗಿದ್ದವು. ಅಂದರೆ ಸಚಿವರ ಮಾತು ಟ್ರಾಮ್‌ಗೆ ಮರಣದಂಡನೆ ಅಲ್ಲ, ಮರಣದ ಸರ್ಟಿಫಿಕೇಟು. ದಂಡನೆ ಸಣ್ಣ ಸಣ್ಣ ಆದೇಶಗಳಲ್ಲಿ ಮೊದಲೇ ಆಗಿಹೋಗಿತ್ತು. ಆ ಸಣ್ಣ ಆದೇಶಗಳಿಗೆ ಸಭೆ ಇಲ್ಲ, ವಿಚಾರಣೆ ಇಲ್ಲ.

ಅವುಗಳಲ್ಲಿ ಒಂದನ್ನು ವಿವರವಾಗಿ ನೋಡಬೇಕು, ಯಾಕೆಂದರೆ ಪಾಠ ಅದರಲ್ಲೇ ಇರುವುದು. ಕೋಲ್ಕತ್ತಾದ ಹಲವು ರಸ್ತೆಗಳಲ್ಲಿ ಮೊದಲು ಟ್ರಾಮ್‌ಗೆ ಪ್ರತ್ಯೇಕ ಪಟ್ಟಿ ಇತ್ತು. ಹಳಿಯ ಸುತ್ತ ಹುಲ್ಲು, ಸ್ವಲ್ಪ ಎತ್ತರ, ಕಾರು ಬಸ್ಸು ಅದರ ಮೇಲೆ ಹತ್ತುವ ಹಾಗಿಲ್ಲ. ಜನ ಅಲ್ಲೇ ನಿಂತು ಟ್ರಾಮ್ ಹತ್ತುತ್ತಿದ್ದರು. ಆಮೇಲೆ ವಾಹನ ಹೆಚ್ಚಾಯಿತು, ರಸ್ತೆ ಸಾಲುವುದಿಲ್ಲ ಅಂತ ಆ ಪಟ್ಟಿಯನ್ನು ಸಮತಟ್ಟು ಮಾಡಿ ಎಲ್ಲ ವಾಹನಗಳಿಗೆ ಬಿಟ್ಟರು. ಟ್ರಾಮ್ ಈಗ ಟ್ರಾಫಿಕ್ಕಿನ ನಡುವೆ ಸಿಕ್ಕಿಬಿತ್ತು, ನಿಧಾನವಾಯಿತು. ಹತ್ತಬೇಕಾದವರು ಓಡುವ ಬಸ್ಸು, ಬೈಕುಗಳ ಮಧ್ಯೆ ರಸ್ತೆಯ ನಡುವಿಗೆ ಹೋಗಬೇಕಾಯಿತು. ವಯಸ್ಸಾದವರು, ಮಗು ಎತ್ತಿಕೊಂಡ ಹೆಂಗಸರು ಹೇಗೆ ಹೋಗುವುದು? ಅವರು ಬಿಟ್ಟರು. ಟ್ರಾಮ್ ಖಾಲಿಯಾಯಿತು. ಆಮೇಲೆ ಸರ್ಕಾರ ಹೇಳಿತು: ಟ್ರಾಮ್ ನಿಧಾನ, ಜನ ಹತ್ತುವುದಿಲ್ಲ, ಅದರಿಂದಲೇ ಜಾಮ್. ನಗರದ ವಿಸ್ತೀರ್ಣದಲ್ಲಿ ರಸ್ತೆ ಇರುವುದು ಸುಮಾರು ಶೇ. 6 ಮಾತ್ರ, ಇದರಲ್ಲಿ ಟ್ರಾಮ್‌ಗೆ ಜಾಗ ಎಲ್ಲಿ ಎಂಬುದು ಸಚಿವರ ವಾದ. ವಾದದಲ್ಲಿ ಸತ್ಯ ಇಲ್ಲ ಅಂತಲ್ಲ. ಮಳೆಗಾಲದಲ್ಲಿ ಹಳಿಯ ಮೇಲೆ ಬೈಕ್ ಜಾರುವುದೂ ನಿಜ. ಆದರೆ ರಸ್ತೆ ಕಿರಿದಾದಾಗ ಆರೇಳು ರೂಪಾಯಿ ಟಿಕೆಟಿನಲ್ಲಿ ಹೋಗುವ ಹತ್ತಾರು ಜನರ ಗಾಡಿಯನ್ನು ತೆಗೆದು, ಒಬ್ಬೊಬ್ಬರೇ ಕೂತ ಕಾರುಗಳನ್ನು ಉಳಿಸುವುದು ಯಾವ ಲೆಕ್ಕ ಅಂತ ಕೇಳಬೇಕಾದವರು ಆ ದಿನ ಸಭೆಯಲ್ಲಿ ಇರಲಿಲ್ಲ.

ಇದೇ ಕೋಲ್ಕತ್ತಾದಲ್ಲಿ 1953ರ ಜುಲೈಯಲ್ಲಿ ಎರಡನೇ ದರ್ಜೆಯ ಟಿಕೆಟ್ ಬರೀ 1 ಪೈಸೆ ಏರಿದ್ದಕ್ಕೆ ಊರಿಗೆ ಊರೇ ಎದ್ದಿತ್ತು. ಹರತಾಳ, ಬಹಿಷ್ಕಾರ, ಬೀದಿ ಹೋರಾಟ. ಆಗ ಕಂಪೆನಿ ಬ್ರಿಟಿಷರದ್ದು, ಮುಖ್ಯಮಂತ್ರಿ ಬಿ.ಸಿ. ರಾಯ್. ಕೊನೆಗೆ ದರ ಏರಿಕೆ ಹಿಂದಕ್ಕೆ ಹೋಯಿತು. ಪೈಸೆಗೆ ಎದ್ದ ಊರು ಹಳಿಗೆ ಯಾಕೆ ಏಳಲಿಲ್ಲ? ಪೈಸೆ ಎಲ್ಲರ ಕಿಸೆಯಿಂದ ಒಂದೇ ದಿನ ಹೋಗುತ್ತದೆ, ಎಲ್ಲರಿಗೂ ಕಾಣುತ್ತದೆ. ರಸ್ತೆಯ ವಿನ್ಯಾಸ ಹಾಗಲ್ಲ. ಇಂದು ಈ ಬೀದಿ, ಮುಂದಿನ ವರ್ಷ ಆ ಬೀದಿ. ಕಳೆದುಕೊಂಡವನಿಗೆ ತಾನು ಕಳೆದುಕೊಂಡದ್ದು ಗೊತ್ತಾಗುವಾಗ ಜೊತೆಗೆ ನಿಲ್ಲುವವರು ಬಾಕಿ ಇರುವುದಿಲ್ಲ.

ಕಳೆದುಕೊಳ್ಳುವ ಕಥೆ ಮಾತ್ರ ಅಲ್ಲ, ಕೇಳಿಸಿಕೊಂಡ ಕಥೆಯೂ ಒಂದುಂಟು. ಅದಕ್ಕೆ ದೂರ, ಸ್ಕಾಟ್ಲೆಂಡಿಗೆ ಹೋಗಬೇಕು.

ಅಲ್ಲಿನ ರಾಜಧಾನಿ ಎಡಿನ್‌ಬರೋ. ಅದರ ಹಳೆಯ ಬಂದರು ಪೇಟೆ ಲೀತ್. ಒಂದು ಕಾಲದಲ್ಲಿ ಲೀತ್ ಬೇರೆಯೇ ಊರಾಗಿತ್ತು. 1920ರಲ್ಲಿ ಎಡಿನ್‌ಬರೋಗೆ ಸೇರಿಸುವಾಗ ಜನಮತ ಕೇಳಿದರು. ಬೇಡ ಅಂದವರು 26,810, ಬೇಕು ಅಂದವರು 4,340. ಆದರೂ ಸೇರಿಸಿದರು! ಕೇಳುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ ಅನ್ನುವುದಕ್ಕೆ ಇದಕ್ಕಿಂತ ಚಂದದ ಉದಾಹರಣೆ ನನಗೆ ಸಿಕ್ಕಿಲ್ಲ.

1956ರಲ್ಲಿ ಎಡಿನ್‌ಬರೋದ ಹಳೆಯ ಟ್ರಾಮ್ ನಿಂತಿತು. ಅರ್ಧ ಶತಮಾನದ ನಂತರ ಹೊಸ ಟ್ರಾಮ್ ತರುತ್ತೇವೆ, ವಿಮಾನ ನಿಲ್ದಾಣದಿಂದ ಊರ ನಡುವೆ ಹಾದು ಲೀತ್ ದಾಟಿ ನ್ಯೂಹೇವನ್‌ವರೆಗೆ ಅಂತ ಯೋಜನೆ ಹಾಕಿದರು. ಖರ್ಚು 54 ಕೋಟಿ 50 ಲಕ್ಷ ಪೌಂಡ್ ಒಳಗೆ ಅಂದರು. ಲೀತ್ ವಾಕ್ ಎನ್ನುವ ದೊಡ್ಡ ಬೀದಿಯನ್ನು ಅಗೆದು ಪೈಪ್, ಕೇಬಲ್ ಸರಿಸಿದರು. ಧೂಳು, ತಡೆಬೇಲಿ, ತಿರುಗುದಾರಿ; ಬೀದಿಯ ಅಂಗಡಿಯವರು ಗಿರಾಕಿ ಇಲ್ಲದೆ ಒದ್ದಾಡಿದರು. ಆಮೇಲೆ ಗುತ್ತಿಗೆದಾರರಿಗೂ ಕಾಮಗಾರಿ ನೋಡಿಕೊಳ್ಳುತ್ತಿದ್ದ ಕೌನ್ಸಿಲಿನ ಕಂಪೆನಿಗೂ ಜಗಳ. ಹಣ ಮುಗಿಯಿತು. 2014ರ ಮೇ 31ರಂದು ಟ್ರಾಮ್ ಶುರುವಾದಾಗ ಖರ್ಚು 77 ಕೋಟಿ 60 ಲಕ್ಷ ಪೌಂಡ್ ಆಗಿತ್ತು, ದಾರಿ ಮಾತ್ರ ಊರ ನಡುವಿನ ಯಾರ್ಕ್ ಪ್ಲೇಸ್‌ನಲ್ಲೇ ನಿಂತಿತ್ತು. ಅಗೆಸಿಕೊಂಡ ಲೀತ್‌ನವರಿಗೆ ಟ್ರಾಮ್ ಇಲ್ಲ. ಈ ಅವಾಂತರದ ಬಗ್ಗೆ ಲಾರ್ಡ್ ಹಾರ್ಡಿ ಎಂಬ ನ್ಯಾಯಾಧೀಶರ ತನಿಖೆ ವರ್ಷಗಟ್ಟಲೆ ನಡೆದು 2023ರ ಸೆಪ್ಟೆಂಬರ್‌ನಲ್ಲಿ ವರದಿ ಬಂತು. ಕೌನ್ಸಿಲರ್‌ಗಳ ಮುಂದೆ ಸರಿಯಾದ ಮಾಹಿತಿಯನ್ನೇ ಇಡಲಿಲ್ಲ ಎಂಬುದು ಅದರ ಮುಖ್ಯ ಆರೋಪಗಳಲ್ಲಿ ಒಂದು. ಚುನಾಯಿತರಿಗೇ ಲೆಕ್ಕ ಗೊತ್ತಿಲ್ಲದಿದ್ದರೆ ಅಂಗಡಿಯವನಿಗೆ ಗೊತ್ತಾಗುವುದು ಹೇಗೆ?

ನಂತರ 2019ರಲ್ಲಿ ಲೀತ್‌ಗೆ ಟ್ರಾಮ್ ಒಯ್ಯುವ ತೀರ್ಮಾನ ಮತ್ತೆ ಆಯಿತು. ಆದರೆ ಈ ಸಲ ಬೀದಿಯವರು ಮೊದಲೇ ಎದ್ದು ಕೂತಿದ್ದರು. ನಕ್ಷೆಗಳನ್ನು ಜನರ ಮುಂದೆ ಇಟ್ಟು ಅಭಿಪ್ರಾಯ ಕೇಳಿದರು, ಬಂದ ಆಕ್ಷೇಪಗಳ ಮೇಲೆ ಲೀತ್ ವಾಕ್‌ನ ವಿನ್ಯಾಸ ತಿದ್ದಿದರು. ಪೈಪಿಗೆ ಒಮ್ಮೆ, ಹಳಿಗೆ ಒಮ್ಮೆ, ಫುಟ್‌ಪಾತಿಗೆ ಒಮ್ಮೆ ಅಂತ ಮತ್ತೆ ಮತ್ತೆ ಅಗೆಯಬೇಡಿ, ಒಂದು ತುಂಡನ್ನು ಒಮ್ಮೆ ಮುಚ್ಚಿದರೆ ಎಲ್ಲವನ್ನೂ ಮುಗಿಸಿಯೇ ತೆರೆಯಿರಿ ಎಂಬ ಕ್ರಮ ಬಂತು. ಅಂಗಡಿಗಳಿಗೆ ಸರಕು ತಲುಪಿಸಲು ಬೇರೆ ವ್ಯವಸ್ಥೆ, ವ್ಯಾಪಾರಿಗಳಿಗೆ ನೆರವಿನ ನಿಧಿ ಕೂಡ ಇಟ್ಟರು. ಸುಮಾರು 4.7 ಕಿ.ಮೀ. ದಾರಿ, 20 ಕೋಟಿ 70 ಲಕ್ಷ ಪೌಂಡ್ ಅಂದಾಜು. ಕೊರೋನಾ ನಡುವೆ ಬಂದರೂ 2023ರ ಜೂನ್ 7ರಂದು ಟ್ರಾಮ್ ನ್ಯೂಹೇವನ್ ಮುಟ್ಟಿತು.

ಇದರಲ್ಲಿ ನಮ್ಮವರು ಗಮನಿಸಬೇಕಾದ ಒಂದು ಸಂಗತಿ ಇದೆ. ದಾರಿ ಹೋಗುವ ಕಾನ್‌ಸ್ಟಿಟ್ಯೂಷನ್ ಸ್ಟ್ರೀಟ್ ಎಂಬ ಬೀದಿ ಹಿಂದೆ ಅಲ್ಲಿನ ಇಗರ್ಜಿಯ ದಫನಭೂಮಿಯನ್ನು ಕತ್ತರಿಸಿ ಮಾಡಿದ್ದು. ರಸ್ತೆಯ ಅಡಿಯಲ್ಲಿ ಕಬರುಗಳಿವೆ ಅಂತ ಗೊತ್ತಿತ್ತು. ಜೆಸಿಬಿ ತಂದು ನುಗ್ಗಿಸಲಿಲ್ಲ. ಪುರಾತತ್ವದವರು ಬಂದು 360ಕ್ಕೂ ಹೆಚ್ಚು ದೇಹಗಳ ಅವಶೇಷಗಳನ್ನು ಕೈಯಿಂದ, ಒಂದೊಂದಾಗಿ ತೆಗೆದರು. ಅವು 1300ರಿಂದ 1650ರ ನಡುವಿನವು. ಅಷ್ಟು ಹಳೆಯ ಮೃತರಿಗೂ ಯೋಜನೆಯ ವೇಳಾಪಟ್ಟಿಯಲ್ಲಿ ದಿನಗಳನ್ನು ಎಣಿಸಿ ಇಟ್ಟಿದ್ದರು. ರಸ್ತೆ ಅಗಲ ಮಾಡುವಾಗ ದಫನಭೂಮಿಯ ಗಡಿ ಎಲ್ಲಿ ಅನ್ನುವ ಪ್ರಶ್ನೆ ನಮ್ಮ ಜಿಲ್ಲೆಯಲ್ಲೂ ಏಳುವಂಥದ್ದೇ. ಅದು ಮೊದಲೇ ನಕ್ಷೆಯಲ್ಲಿ ಬರೆದಿದ್ದರೆ ಗಲಾಟೆಗೆ ಜಾಗ ಇರುವುದಿಲ್ಲ.

ಕೇಳಿದ ಮಾತ್ರಕ್ಕೆ ಎಲ್ಲವೂ ನೆಟ್ಟಗಾಗುತ್ತದೆ ಅಂತಲೂ ಇಲ್ಲ. ಅದೇ ಲೀತ್ ವಾಕ್‌ನಲ್ಲಿ ಸೈಕಲ್ ದಾರಿಯನ್ನು ಹಾವಿನ ಹಾಗೆ ಅಂಕುಡೊಂಕಾಗಿ ಬರೆದು ಊರೆಲ್ಲ ನಗುವಂತೆ ಮಾಡಿಕೊಂಡರು. ಇಷ್ಟು ಸಭೆ ಮಾಡಿಯೂ ಇಂಥದ್ದು ತಪ್ಪಲಿಲ್ಲ. ಆದರೆ ಆ ನಗು ಕೂಡ ಕೌನ್ಸಿಲಿಗೆ ಮುಟ್ಟಿತು.

ಈಗ ದೀನಿನ ಕಡೆಯಿಂದ ಒಂದೆರಡು ಮಾತು. ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ತೆಗೆಯುವುದು ಈಮಾನ್‌ನ ಒಂದು ಶಾಖೆ ಎಂಬುದು ಮದ್ರಸದ ಸಣ್ಣ ಕ್ಲಾಸಿನ ಮಕ್ಕಳಿಗೂ ಗೊತ್ತು. ನಾವು ಅದನ್ನು ಮುಳ್ಳು, ಕಲ್ಲಿಗೆ ನಿಲ್ಲಿಸಿಬಿಟ್ಟಿದ್ದೇವೆ. ದಾರಿಯ ಅಗಲದ ಬಗ್ಗೆ ಭಿನ್ನಾಭಿಪ್ರಾಯ ಬಂದರೆ ಏಳು ಮೊಳ ಬಿಡಬೇಕೆಂದು ಪ್ರವಾದಿ(ಸ) ತೀರ್ಪು ಕೊಟ್ಟದ್ದು ಬುಖಾರಿಯಲ್ಲೂ ಮುಸ್ಲಿಮ್‌ನಲ್ಲೂ ಬರುತ್ತದೆ. ಏಳು ಮೊಳ ಅಂದರೆ ಹತ್ತು ಅಡಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಎಷ್ಟೋ ಓಣಿಗಳಲ್ಲಿ ಇವತ್ತು ಅಷ್ಟು ಬಿಟ್ಟವರಿಲ್ಲ. ಹಾಗಾದರೆ ರಸ್ತೆಯ ಅಳತೆ ದೀನಿಗೆ ಹೊರಗಿನ ವಿಷಯ ಅನ್ನುವುದು ಹೇಗೆ?

ಇನ್ನೊಂದು, ಉಮರ್(ರ) ಅವರ ಕಾಲದ್ದು. ಮಸ್ಜಿದುನ್ನಬವಿಯನ್ನು ವಿಸ್ತರಿಸಬೇಕಾಗಿತ್ತು, ಪಕ್ಕದಲ್ಲಿ ಅಬ್ಬಾಸ್(ರ) ಅವರ ಮನೆ. ಕೊಡುವುದಿಲ್ಲ ಅಂದರು ಅಬ್ಬಾಸ್. ಖಲೀಫರು ಬಲ ಬಳಸಲಿಲ್ಲ. ಉಬಯ್ಯ್ ಇಬ್ನು ಕಅಬ್(ರ) ಅವರ ಮುಂದೆ ಇಬ್ಬರೂ ಹೋದರು. ತೀರ್ಪು ಖಲೀಫರ ವಿರುದ್ಧ ಬಂತು. ಹಕ್ಕು ತನ್ನದೆಂದು ತೀರ್ಮಾನವಾದ ಮೇಲೆ ಅಬ್ಬಾಸ್ ಆ ಜಾಗವನ್ನು ತಾವಾಗಿಯೇ ಮಸೀದಿಗೆ ಬಿಟ್ಟುಕೊಟ್ಟರು ಎಂದು ಚರಿತ್ರೆಯ ಗ್ರಂಥಗಳು ಹೇಳುತ್ತವೆ. ಮಸೀದಿಯಂಥ ಒಳ್ಳೆಯ ಕೆಲಸಕ್ಕೂ ಕೇಳದೆ ಮನೆ ತೆಗೆಯುವಂತಿಲ್ಲ ಎಂದಾದರೆ ಕಾಂಕ್ರೀಟ್ ರಸ್ತೆಗೆ ಯಾವ ರಿಯಾಯಿತಿ?

ಇನ್ನು ನಮ್ಮ ಊರಿಗೆ ಬರೋಣ. 2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಹಂಪನಕಟ್ಟೆ, ಸ್ಟೇಟ್‌ಬ್ಯಾಂಕ್ ಸುತ್ತಮುತ್ತ ರಸ್ತೆ, ಫುಟ್‌ಪಾತ್, ಚರಂಡಿ ಕೆಲಸ ವರ್ಷಗಟ್ಟಲೆ ನಡೆಯಿತು. 2020ರಲ್ಲಿ ಲಾಕ್‌ಡೌನ್ ನಡುವೆ ಸೆಂಟ್ರಲ್ ಮಾರ್ಕೆಟಿನ ಸಗಟು ವ್ಯಾಪಾರ ಬೈಕಂಪಾಡಿಗೆ ಹೋಯಿತು, ವ್ಯಾಪಾರಿಗಳು ಕೋರ್ಟಿಗೆ ಹೋದರು. ಅವರಲ್ಲಿ ನಮ್ಮವರು ಎಷ್ಟು ಮಂದಿ ಇದ್ದರು ಎಂಬುದನ್ನು ಈ ಪುಟದ ಓದುಗರಿಗೆ ಹೇಳಬೇಕಾಗಿಲ್ಲ. ಕೋರ್ಟು ಕೊನೆಯ ಬಾಗಿಲು. ಅದಕ್ಕೆ ಮೊದಲು ಮೂರು ನಾಲ್ಕು ಬಾಗಿಲುಗಳು ಕಾನೂನಿನಲ್ಲೇ ಇವೆ, ಅಲ್ಲಿ ನಮ್ಮ ಜಮಾಅತ್‌ಗಳು ಕಾಣುವುದು ಕಮ್ಮಿ.

ನಗರದ ಮಾಸ್ಟರ್ ಪ್ಲಾನ್ ಮಾಡುವಾಗ ಕರಡು ಪ್ರಕಟಿಸಿ ಆಕ್ಷೇಪಣೆ ಕೇಳಬೇಕೆಂದು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಹೇಳುತ್ತದೆ. ಯಾವ ರಸ್ತೆ ಎಷ್ಟು ಅಗಲ ಅಂತ ಗೆರೆ ಬೀಳುವುದು ಅದರಲ್ಲೇ. ಪಾಲಿಕೆಗೆ ವಾರ್ಡ್ ಸಮಿತಿ ಅಂತ ಒಂದುಂಟು. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು, ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಮೀನು, ಹಣ್ಣು, ಬಟ್ಟೆ ಮಾರುವ ನಮ್ಮವರಲ್ಲಿ ಈ ಸಮಿತಿಯ ಹೆಸರು ಕೇಳಿದವರು ಎಷ್ಟು? ಜುಮಾ ಮುಗಿದ ಮೇಲೆ ಕಮಿಟಿಯವರು ಮೈಕಿನಲ್ಲಿ ಎಷ್ಟೋ ವಿಷಯ ಹೇಳ್ತಾರೆ, ಇದನ್ನೂ ಹೇಳಬಹುದು.

ಒಂದು ಮಾತು ಕಹಿಯಾದರೂ ಬರೆಯುತ್ತೇನೆ. ರಸ್ತೆ ಅಗಲೀಕರಣಕ್ಕೆ ಪಳ್ಳಿಯ ಕಂಪೌಂಡ್ ಗೋಡೆ ಎರಡು ಅಡಿ ಹೋಗುತ್ತದೆ ಅಂದರೆ ಇನ್ನೂರು ಜನ ಸೇರುತ್ತಾರೆ. ಅದೇ ರಸ್ತೆಯಲ್ಲಿ ಫುಟ್‌ಪಾತೇ ಇಲ್ಲದೆ ಬೆಳಗ್ಗೆ ಮದ್ರಸಕ್ಕೆ ಹೋಗುವ ಮಕ್ಕಳು ಬಸ್ಸಿನ ಪಕ್ಕ ಉಜ್ಜಿಕೊಂಡು ನಡೆಯುವಾಗ ಒಬ್ಬರೂ ಅರ್ಜಿ ಬರೆಯುವುದಿಲ್ಲ. ಅಧಿಕಾರಿಗಳಿಗೂ ಇದು ಅಭ್ಯಾಸ ಆಗಿದೆ: ಗೋಡೆ ಮುಟ್ಟದಿದ್ದರೆ ಇವರು ಸುಮ್ಮನಿರುತ್ತಾರೆ ಅಂತ. ಗೋಡೆಯ ಮಾತು ಬಿಡಿ ಅಂತ ನಾನು ಹೇಳುತ್ತಿಲ್ಲ. ವಕ್ಫ್ ಜಾಗಕ್ಕೆ ಅದರದ್ದೇ ಕಾನೂನು ಉಂಟು. ಗೋಡೆಯ ಜೊತೆಗೆ ಗೋಡೆಯ ಹೊರಗಿನ ಆರು ಅಡಿಯ ಬಗ್ಗೆಯೂ ಮಾತಾಡಿ ಅನ್ನುವುದಷ್ಟೇ ನನ್ನ ತಕರಾರು.

ಸಭೆಗೆ ಹೋದರೂ ಯಾರು ಹೋಗುತ್ತಾರೆ ಎಂಬುದು ಮುಖ್ಯ. ಅಂಗಡಿ ಮಾಲಕರು ಹೋದರೆ ಪಾರ್ಕಿಂಗ್ ಕೇಳುತ್ತಾರೆ, ಫುಟ್‌ಪಾತ್ ಬೇಡ ಅನ್ನುವವರೂ ಇದ್ದಾರೆ. ಕಾರು ಇದ್ದವರು ರಸ್ತೆ ಅಗಲ ಕೇಳುತ್ತಾರೆ. ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸಿಳಿದು ಎರಡು ಕೈಯಲ್ಲಿ ಚೀಲ ಹಿಡಿದು ಮಗುವಿನೊಂದಿಗೆ ರಸ್ತೆ ದಾಟುವ ತಾಯಿಯನ್ನು ಕರೆಯುವವರು ಯಾರು? ಕೋಲ್ಕತ್ತಾದಲ್ಲಿ ಟ್ರಾಮ್ ಬಿಟ್ಟು ಇಳಿದದ್ದು ಇಂಥವರೇ. ನಮ್ಮ ಮನೆಗಳ ಹೆಂಗಸರ ಹತ್ತಿರ ಅರ್ಧ ಗಂಟೆ ಕೇಳಿ ಬರೆದುಕೊಂಡರೆ ಯಾವ ಇಂಜಿನಿಯರಿನ ನಕ್ಷೆಯಲ್ಲೂ ಇಲ್ಲದ ಹತ್ತು ವಿಷಯ ಸಿಗುತ್ತದೆ. ದೀಪ ಎಲ್ಲಿ ಇಲ್ಲ, ಚರಂಡಿಯ ಕಲ್ಲು ಎಲ್ಲಿ ಅಲ್ಲಾಡುತ್ತದೆ, ಬಸ್ ಎಲ್ಲಿ ನಿಲ್ಲಿಸದೆ ಓಡುತ್ತದೆ, ಎಲ್ಲ ಅವರ ಬಾಯಲ್ಲೇ ಉಂಟು.

ನಕ್ಷೆ ಓದುವುದು ದೊಡ್ಡ ವಿದ್ಯೆ ಏನಲ್ಲ. ಜಮಾಅತ್‌ನಲ್ಲಿ ಡಿಪ್ಲೊಮಾ, ಇಂಜಿನಿಯರಿಂಗ್ ಓದಿದ ಹುಡುಗರು ಈಗ ಬೇಕಾದಷ್ಟಿದ್ದಾರೆ. ಮೇಲಿನಿಂದ ನೋಡಿದ ನಕ್ಷೆಯ ಜೊತೆ ರಸ್ತೆಯನ್ನು ಅಡ್ಡಕ್ಕೆ ಕತ್ತರಿಸಿ ತೋರಿಸುವ ನಕ್ಷೆಯನ್ನೂ ಕೇಳಬೇಕು. ರಸ್ತೆಯ ಮಟ್ಟ ಅಂಗಡಿಯ ನೆಲಕ್ಕಿಂತ ಎಷ್ಟು ಮೇಲೆ ಬರುತ್ತದೆ ಅಂತ ಅದರಲ್ಲಿ ಕಾಣುತ್ತದೆ. ಕಾಂಕ್ರೀಟಿನ ಮೇಲೆ ಕಾಂಕ್ರೀಟ್ ಬಿದ್ದು ರಸ್ತೆ ಏರಿ, ಜೂನ್ ಬಂದಾಗ ನೀರು ಅಂಗಡಿಯೊಳಗೆ ಬರುವುದನ್ನು ನಮ್ಮ ಊರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಆಕ್ಷೇಪಣೆಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿ ತರಬೇಕು. ಪಕ್ಕದ ದೇವಸ್ಥಾನದವರು, ಇಗರ್ಜಿಯವರು, ಅಂಗಡಿಯವರು ಸಹಿ ಹಾಕಿದರೆ ಇನ್ನೂ ಒಳ್ಳೆಯದು, ಫುಟ್‌ಪಾತಿಗೆ ಜಾತಿಯಿಲ್ಲ.

ಮುಂದೆ ಒಂದು ದೊಡ್ಡ ಕೆಲಸ ಬರಲಿಕ್ಕೆ ಉಂಟು. ಮಂಗಳೂರಿಗೆ ವಾಟರ್ ಮೆಟ್ರೋ ತರುವುದಾಗಿ ರಾಜ್ಯ ಸರ್ಕಾರ 2024ರ ಬಜೆಟಿನಲ್ಲಿ ಹೇಳಿದೆ. ಕೊಚ್ಚಿಯಲ್ಲಿ ಇದು 2023ರ ಏಪ್ರಿಲ್‌ನಲ್ಲಿ ಶುರುವಾಗಿದೆ. ನೇತ್ರಾವತಿ, ಗುರುಪುರ ಎರಡೂ ನದಿಗಳ ದಡದಲ್ಲಿ ನಮ್ಮವರ ಮನೆಗಳು ತುಂಬಾ ಇವೆ. ಬಂದರಿನಿಂದ ಬೆಂಗ್ರೆಗೆ ದಿನಾ ಫೆರಿಯಲ್ಲಿ ದಾಟುವ ವಿದ್ಯಾರ್ಥಿಗಳು, ಮೀನಿನ ಕೆಲಸದವರು, ಆಸ್ಪತ್ರೆಗೆ ಹೋಗುವ ಹೆಂಗಸರು ಇದ್ದಾರೆ. ವಾಟರ್ ಮೆಟ್ರೋ ಬೇಡ ಅನ್ನುವ ಕಾರಣ ಏನೂ ಇಲ್ಲ, ಬಂದರೆ ಖುಷಿಯೇ. ಆದರೆ ಜೆಟ್ಟಿಯ ಜಾಗ ಕಾಗದದ ಮೇಲೆ ಗುರುತಾಗುವ ಮೊದಲೇ ಕೇಳಬೇಕಾದ್ದು ಹಲವಿದೆ. ಈಗಿನ ಫೆರಿ ಏನಾಗುತ್ತದೆ, ಅದನ್ನು ನಡೆಸುವವರ ಗತಿ ಏನು? ಟಿಕೆಟ್ ಎಷ್ಟು, ಪಾಸ್ ಉಂಟಾ? ಮುಂಜಾವಿನಲ್ಲಿ ಧಕ್ಕೆಗೆ ಹೋಗುವವರಿಗೆ ಮೊದಲ ದೋಣಿ ಎಷ್ಟು ಗಂಟೆಗೆ? ಬಲೆ ಒಣಗಿಸುವ, ದೋಣಿ ಎಳೆಯುವ ಜಾಗಕ್ಕೆ ಬೇಲಿ ಬೀಳುತ್ತದಾ? ಜೆಟ್ಟಿಯಿಂದ ಮನೆಯವರೆಗಿನ ದಾರಿಗೆ ದೀಪ, ಫುಟ್‌ಪಾತ್ ಇದೇ ಯೋಜನೆಯಲ್ಲಿ ಸೇರಿದೆಯಾ, ಇಲ್ಲಾ ಅದು ಬೇರೆ ಇಲಾಖೆಯದ್ದಾ? ಬೆಂಗ್ರೆ, ಕುದ್ರೋಳಿ, ಬಂದರ್, ಉಳ್ಳಾಲ ಕಡೆಯ ಜಮಾಅತ್‌ಗಳು ಮೊಗವೀರ ಸಭೆಗಳವರ ಜೊತೆ ಕೂತು ಈ ಪ್ರಶ್ನೆಗಳನ್ನು ಒಂದೇ ಕಾಗದದಲ್ಲಿ ಬರೆದು ಕರ್ನಾಟಕ ಮ್ಯಾರಿಟೈಮ್ ಬೋರ್ಡಿಗೂ ಜಿಲ್ಲಾಧಿಕಾರಿಗೂ ಈಗಲೇ ಕೊಡಬಹುದು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಯೋಜನಾ ವರದಿಯ ಪ್ರತಿ ಕೇಳಲಿಕ್ಕೆ ಆಗುತ್ತದೆ, ಅರ್ಜಿಗೆ ಹತ್ತು ರೂಪಾಯಿ ಶುಲ್ಕ.